ಸಾವಿರದಲ್ಲಿ ಮೂರು ಚೂರು

ಹಾಲಿನಂಗಡಿಯ ಅತ್ತೆಗೆ ಇಪ್ಪತ್ತೆಂಟು ವರ್ಷಗಳಿಂದ ಒಂದೇ ನಂಬಿಕೆ: ಕೆಡುವಂಥದ್ದು ಏನೇ ಇರಲಿ, ಫ್ರಿಜ್ಜಿಗೆ ಸೇರಬೇಕು. ಅಂಗಡಿಯ ಮಹಡಿಯಲ್ಲಿ ಸೊಸೆಯ ರಕ್ತ ತೆಗೆದ ಲ್ಯಾಬಿನ ಹೆಂಗಸು, "ಪಕ್ಕದ ಬೀದೀಲಿ ಇನ್ನೊಂದು ಮನೆ ಇದೆ, ಬರೋವರೆಗೂ ಈ ರಕ್ತದ ಡಬ್ಬಿ ಇಲ್ಲೇ ಇರ್ಲಿ. ಇದನ್ನ..." ಎನ್ನುವಷ್ಟರಲ್ಲೇ ಅತ್ತೆ, "ಅದೆಲ್ಲ ನಂಗೊತ್ತು, ನೀವು ಹೋಗ್ಬನ್ನಿ" ಎಂದು ಡಬ್ಬಿ ಕಿತ್ತುಕೊಂಡಳು. ಮೊಸರಿನ ಪ್ಯಾಕೆಟ್ಟುಗಳ ಹಿಂದೆ, ಅತಿ ತಣ್ಣಗಿನ ಮೂಲೆಯಲ್ಲಿ ಅದನ್ನಿಟ್ಟಳು. ಬೆಣ್ಣೆಗೂ ಆ ಜಾಗವನ್ನು ಸುಲಭಕ್ಕೆ ಬಿಟ್ಟುಕೊಟ್ಟವಳಲ್ಲ.

ಸೊಸೆಗೆ ಕಿಡ್ನಿ ಕೊಟ್ಟವಳೂ ಅವಳೇ. ಮಗನದು ಹೊಂದಲಿಲ್ಲ, ಇವಳದು ಹೊಂದಿತು. ಹಾವು ಮುಂಗುಸಿಯಂತಿದ್ದ ಈ ಇಬ್ಬರದು ಅದು ಹೇಗೆ ಹೊಂದಿತೋ ಎಂದು ಬೀದಿಯವರು ಮೂಗಿನ ಮೇಲೆ ಬೆರಳಿಟ್ಟಿದ್ದರು. ಎರಡು ವರ್ಷ ಎಲ್ಲ ಸರಿಯಿತ್ತು. ಈಗ ರಕ್ತದಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ದೇಹ ಆ ಕಿಡ್ನಿಯನ್ನು ಒಲ್ಲೆ ಎನ್ನುತ್ತಿದೆಯೋ ಏನೋ, ಈ ಪರೀಕ್ಷೆಯಲ್ಲಿ ತಿಳಿಯಬಹುದು ಎಂದಿದ್ದರು ಡಾಕ್ಟರು. ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ.

ಲ್ಯಾಬಿನವಳು ಹಿಂತಿರುಗಿದಾಗ ಅತ್ತೆ ಡಬ್ಬಿ ಹೊರತೆಗೆದಳು. ಮುಚ್ಚಳದ ಮೇಲೆ ಮಂಜಿನ ಹರಳಿನ ಚಿತ್ರ, ಅದರ ಮೇಲೊಂದು ಕೆಂಪು ಗೀಟು. ಅಂದರೆ ತಣ್ಣಗಿಡಬಾರದಿತ್ತು! ಒದ್ದೆಯನ್ನು ಒರೆಸಿ ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ?

"ಇದು ತಣ್ಣಗಾದ್ರೆ ಏನಾಗುತ್ತಮ್ಮ?" ಏನೂ ಅರಿಯದವಳಂತೆ ಕೇಳಿದಳು.

"ನೀವು ಕೊಟ್ಟ ಕಿಡ್ನಿಯಿಂದ ಡಿಎನ್‌ಎ ಚೂರುಗಳು ಉದುರಿ ನಿಮ್ಮ ಸೊಸೆ ರಕ್ತದಲ್ಲಿ ತೇಲ್ತಿರ್ತವೆ. ಕಿಡ್ನಿಗೆ ಪೆಟ್ಟು ಬಿದ್ರೆ ಜಾಸ್ತಿ ಉದುರ್ತವೆ. ನಾವು ಎಣಿಸೋದು ಅದನ್ನೇ. ತಣ್ಣಗಿಟ್ರೆ ಅವರ ಬಿಳಿ ರಕ್ತಕಣ ಒಡೆದು ಅವರ ಚೂರುಗಳೇ ತುಂಬ್ಕೊಂಡು, ನಿಮ್ಮವು ಕಮ್ಮಿ ಅನ್ನಿಸ್ತವೆ. ಕಿಡ್ನಿ ಹಾಳಾಗ್ತಿದ್ರೂ ಚೆನ್ನಾಗಿದೆ ಅಂತ ಬಂದುಬಿಡಬಹುದು."

ಅತ್ತೆ ಬೆರಗಾಗಿ ನಿಂತಳು. ತನ್ನ ಚೂರುಗಳು ಆ ಹುಡುಗಿಯ ನರನಾಡಿಗಳಲ್ಲಿ ಓಡಾಡಿಕೊಂಡಿವೆ! ಉಪ್ಪು ಜಾಸ್ತಿಯಾಯಿತೆಂದು ನಿನ್ನೆ ಜಗಳವಾಡುವಾಗಲೂ ಓಡಾಡುತ್ತಿದ್ದವು!

"ಫ್ರಿಜ್ಜಲ್ಲಿಟ್ಬಿಟ್ಟೆ ಕಣಮ್ಮ, ತಪ್ಪಾಯ್ತು" ಎಂದಳು. ಆ ಕೊನೆಯ ಮಾತನ್ನು ಅವಳ ಬಾಯಿಂದ ಜನ್ಮದಲ್ಲಿ ಕೇಳಿರದ ಸೊಸೆ ಮೆಟ್ಟಿಲ ಮೇಲೆ ದಂಗಾಗಿ ನಿಂತಳು. ಆಮೇಲೆ ಇಳಿದು ಬಂದು, ಮತ್ತೆ ರಕ್ತ ತೆಗೆಯಲೆಂದು ಇನ್ನೊಂದು ತೋಳು ಚಾಚಿದಳು.

ಎಂಟು ದಿನಗಳ ನಂತರ ಡಾಕ್ಟರು ಕಾಗದ ನೋಡಿ ನಕ್ಕರು. "ಸಾವಿರಕ್ಕೆ ಮೂರು ಚೂರು ಅಷ್ಟೆ. ಕಿಡ್ನಿಗೇನೂ ಪೆಟ್ಟಾದ ಹಾಗಿಲ್ಲ. ನೀರು ಕಮ್ಮಿ ಕುಡಿದಿದ್ದಕ್ಕೆ ಕ್ರಿಯಾಟಿನಿನ್ ಏರಿರಬೇಕು."

"ಸಾವಿರದಲ್ಲಿ ಆ ಮೂರು ನಂದೇ ಅಂತ ಹೇಗೆ ಕಂಡುಹಿಡಿದ್ರಿ?"

"ಇವರಲ್ಲಿಲ್ಲದ, ನಿಮ್ಮಲ್ಲಿರೋ ಗುರುತುಗಳಿಂದಮ್ಮ."

ಅತ್ತೆಗೆ ಜನಜಂಗುಳಿಯಲ್ಲಿ ತನ್ನನ್ನು ಯಾರೋ ಹೆಸರು ಹಿಡಿದು ಕರೆದಂತಾಯಿತು. ಹೊರಗೆ ಬಂದವಳೇ ಸೊಸೆಯ ಮಣಿಕಟ್ಟು ಹಿಡಿದು, ನೀಲಿ ನರದ ಮೇಲೆ ಬೆರಳಿಟ್ಟು ನೋಡುತ್ತಾ ನಿಂತಳು.

"ನಾನು ಇಲ್ಲಿ ಚೆನ್ನಾಗಿದ್ದೀನಂತೆ ಕಣೇ."

"ಮತ್ತೆ? ನಿಮ್ಮನ್ನ ಹೊರಗೆ ಹಾಕೋ ಧೈರ್ಯ ಯಾರಿಗಿದೆ ಅತ್ತೆ?" ಎಂದಳು ಸೊಸೆ.

ಅತ್ತೆ ಏನೋ ತಿರುಗುಬಾಣ ಬಿಡಲು ಬಾಯಿ ತೆರೆದಳು. ಅಳು ಬಂದುಬಿಟ್ಟಿತು. ಹಿಡಿದ ಕೈ ಮಾತ್ರ ಬಿಡಲಿಲ್ಲ.