ಕದ ಹಾಕಿಕೊಂಡು ಹೊಲಿದ ದೊಮ್ನಿಕಾ

ಬಾಕವ್ ಊರಿನ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಎಲ್ಲ ಮಹಡಿಗೂ ಹಾಯುವ ಬಿಸಿನೀರಿನ ಕೊಳವೆಗೆ ಚಮಚದಿಂದ ಟಣಟಣ ಬಡಿದರೆ ಅರ್ಥ ಒಂದೇ: "ಸದ್ದು ನಿಲ್ಲಿಸಿ!" ಮೂರನೇ ಮಹಡಿಯ ದೊಮ್ನಿಕಾ ಗಿರಾಕಿಯೊಬ್ಬಳ ಮದುವೆಯ ಗೌನು ಹೊಲಿಯುತ್ತಿದ್ದಾಗ ಆ ಮಧ್ಯಾಹ್ನವೂ ಹಾಗೇ ಬಡಿತ ಶುರುವಾಯಿತು. ಕೆಳಮನೆಯ ಗವ್ರಿಲ್ ಮಾಮನದೇ ಕೆಲಸ. ಆಕೆ ಮಷೀನಿನ ಕೆಳಗೆ ಇನ್ನೊಂದು ಕಂಬಳಿ ತುರುಕಿದಳು. ಬಡಿತ ಇನ್ನೂ ಜೋರಾಯಿತು.

ಕೆಲಸಕ್ಕಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿ ಮುಚ್ಚಿದ ಮೇಲೆ ಹೊಲಿಗೆಯೇ ಅವಳ ಹೊಟ್ಟೆಪಾಡು. ಅದೂ ಕದ್ದುಮುಚ್ಚಿ. "ಯಾರಾದ್ರೂ ಕೇಳಿದ್ರೆ ದೊಮ್ನಿಕಾಳ ಚಿಕ್ಕಮ್ಮನ ಮಗಳು ಅನ್ನಿ" ಎಂದು ಗಿರಾಕಿಗಳಿಗೆ ಹೇಳಿಕೊಟ್ಟಿದ್ದಳು. ಮಾಮ ದೂರು ಕೊಟ್ಟರೆ ಎಲ್ಲ ಬಂದ್.

ಸಂಜೆ ನಿವಾಸಿಗಳ ಸಂಘದ ಅಧ್ಯಕ್ಷೆ ಓರ್ತನ್ಸಾ ಬಂದಳು.

"ಏನೇ ದೊಮ್ನಿಕಾ, ನಿನ್ನ ಚಿಕ್ಕಮ್ಮನಿಗೆ ಹೆಣ್ಮಕ್ಕಳು ಎಷ್ಟೇ? ಅರ್ಧ ಊರೇ ನಿನ್ನ ನೆಂಟರಾಗೋಯ್ತಲ್ಲ!"

"ದಮ್ಮಯ್ಯ ಅಕ್ಕಾ, ಯಾರಿಗೂ ಹೇಳ್ಬೇಡ."

"ಹೇಳೋದೇನು, ಎಲ್ಲರಿಗೂ ಗೊತ್ತು! ಮನೇಲಿ ಕಸುಬು ಮಾಡೋದು ತಪ್ಪಲ್ಲ ಕಣೇ, ಕದ್ದು ಮಾಡೋದು ತಪ್ಪು. ಸಂಘಕ್ಕೆ ತಿಳಿಸು. ಮೇಲೆ, ಕೆಳಗೆ, ಅಕ್ಕಪಕ್ಕದ ಮನೆಯವರ ಒಪ್ಪಿಗೆ ತಗೊಂಡು ರುಜು ಹಾಕಿಸ್ಕೋ. ಆಮೇಲೆ ನೋಂದಣಿ ಕಚೇರೀಲಿ ಕಸುಬನ್ನ ನೋಂದಾಯಿಸು."

"ಗವ್ರಿಲ್ ಮಾಮ ರುಜು ಹಾಕ್ತಾರಾ? ಈ ಜನ್ಮದಲ್ಲಿ ಇಲ್ಲ!"

"ಒಂದಿನಾನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ದೊಮ್ನಿಕಾ ಕೆಳಗಿಳಿದು ಮಾಮನ ಬಾಗಿಲು ತಟ್ಟಿದಳು.

"ಮಾಮ, ನಾನು ಮನೇಲಿ ಬಟ್ಟೆ ಹೊಲೀತೀನಿ. ನಿಮಗೆ ತೊಂದ್ರೆ ಆಯ್ತು. ಈ ಒಪ್ಪಿಗೆ ಕಾಗದಕ್ಕೆ ರುಜು ಹಾಕ್ತೀರಾ?"

"ಹೊಲಿಯಮ್ಮ, ಬೇಡ ಅಂದೋರು ಯಾರು? ಆದ್ರೆ ಮಧ್ಯಾಹ್ನ ಒಂದರಿಂದ ಎರಡು ಇಡೀ ಬಿಲ್ಡಿಂಗಿಗೆ ವಿಶ್ರಾಂತಿ ಅಲ್ವಾ? ಮಂಡಿನೋವಿಗೆ ರಾತ್ರಿಯೆಲ್ಲ ಎದ್ದಿರ್ತೀನಿ, ಕಣ್ಣು ಮುಚ್ಚೋದೇ ಆಗ. ಸರಿಯಾಗಿ ಆಗ್ಲೇ ನಿನ್ನ ಟಕಟಕ!"

"ಅಯ್ಯೋ! ಎಲ್ಲರೂ ಮಲಗಿರ್ತಾರೆ, ಯಾರೂ ನೋಡಲ್ಲ ಅಂತ ಬೇಕಂತಲೇ ಆ ಹೊತ್ತಲ್ಲಿ ಹೊಲೀತಿದ್ದೆ ಮಾಮ!"

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಚೆನ್ನಾಗಿದೆ! ಕಣ್ಣಿಗೆ ಬೀಳಬಾರದು ಅಂತ ಕಿವಿಗೆ ಬಿದ್ದೆ. ಆ ಒಂದು ಗಂಟೆ ನನಗೆ ಬಿಡು. ಎಲ್ಲಿ, ಪೆನ್ನು ಕೊಡು."

ಉಳಿದ ಮನೆಯವರೂ ರುಜು ಹಾಕಿದರು, ಸಂಘವೂ ಒಪ್ಪಿತು. ನೋಂದಣಿ ಮುಗಿದು ಬಾಗಿಲಿಗೆ ದೊಮ್ನಿಕಾಳ ಹೆಸರಿನ ಫಲಕ ಬಂತು. ಮದುವೆಯ ದಿನ ವಧು ದೊಮ್ನಿಕಾಳ ಮನೆಯಲ್ಲೇ ಆ ಗೌನು ತೊಟ್ಟು ಮೆಟ್ಟಿಲಿಳಿದಾಗ ಮನೆಮನೆಯ ಕದ ತೆರೆಯಿತು.

"ಯಾರು ಹೊಲಿದದ್ದು?" ಎಂದರು ಕೆಳಗೆ ಕಾಯುತ್ತಿದ್ದ ಬೀಗರು.

ದೊಮ್ನಿಕಾ ಬಾಯಿ ತೆರೆಯುವ ಮೊದಲೇ ಗವ್ರಿಲ್ ಮಾಮ ಎದೆಯುಬ್ಬಿಸಿ ಹೇಳಿದ: "ನಮ್ಮ ದೊಮ್ನಿಕಾ! ಬೇರೆಲ್ಲೂ ಅಲ್ಲ, ನನ್ನ ತಲೆ ಮೇಲೇ ಕೂತು ಹೊಲಿದದ್ದು!"

ಅಕ್ಕಂದಿರೇ, ಅಣ್ಣಂದಿರೇ, ನೀವೂ ಫ್ಲ್ಯಾಟಿನಲ್ಲೇ ಕಸುಬು ಮಾಡುತ್ತಿದ್ದೀರಾ? ನಿಮ್ಮ ಸಂಘದ ನಿಯಮ ತಿಳಿದುಕೊಳ್ಳಿ, ನೆರೆಯವರ ಒಪ್ಪಿಗೆ ಪಡೆಯಿರಿ, ನೋಂದಾಯಿಸಿ. ದುಡಿದು ತಿನ್ನುವವರು ಬಚ್ಚಿಟ್ಟುಕೊಳ್ಳುವುದೇಕೆ? ಇವತ್ತೇ ಹೋಗಿ ಕೆಳಮನೆಯ ಬಾಗಿಲು ತಟ್ಟಿ.