ಉಬ್ಬಿಲ್ಲದ ಶಾಯಿ

ಇಮಾಮಹುಸೇನ ಚಾಚಾ ದೇವದುರ್ಗದ ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಪತ್ರ ವಿಂಗಡಿಸಿ ನಿವೃತ್ತರಾದವರು. ಅಂಚೆಚೀಟಿ ಮುದ್ರಿಸುವ ನಾಲ್ಕು ವಿಧಾನಗಳಿಗೆ ನಾಲ್ಕು ಚೀಟಿ ಅಂಟಿಸಿದ ಹಾಳೆಯೊಂದನ್ನು ರಾಯಚೂರಿನ ಪ್ರದರ್ಶನಕ್ಕೆ ತಂದಿದ್ದರು. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವರಿಗೊಂದು ಪ್ರಶಸ್ತಿಪತ್ರ ಬೇಕಿತ್ತು. ಕಣ್ಣು ಮಂಜಾಗಿದ್ದರಿಂದ ವಿವರಣೆ ಬರೆಯಲು ನನ್ನನ್ನು ಕರೆದಿದ್ದರು. ನಾನು ಮಾನ್ವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬಸ್ಸಿನಲ್ಲಿ ನಿಂತೇ ಬಂದು ಕಾಲು ಸೋತಿದ್ದವು.

ಮೂರು ಚೀಟಿ ಸರಿಯಿದ್ದವು. ನಾಲ್ಕನೆಯದು ನಿಜಾಮರ ಕಾಲದ್ದು, ಕೊರೆದ ತಗಡಿನಿಂದ ಅಚ್ಚಾದದ್ದು ಎಂದು ಚಾಚಾ ಹೇಳುತ್ತಿದ್ದರು. ಅಂಥ ಮುದ್ರಣದಲ್ಲಿ ಶಾಯಿ ತಗಡಿನ ಗೀರುಗಳಿಂದ ಎದ್ದು ಬಂದು ಕಾಗದದ ಮೇಲೆ ಉಬ್ಬಿ ನಿಲ್ಲುತ್ತದೆ. ಚಾಕಲೇಟಿನ ಬೆಳ್ಳಿಹಾಳೆಯನ್ನು ಚೀಟಿಯ ಮೇಲಿಟ್ಟು ಬೆರಳಿನಿಂದ ತೀಡಿದೆ. ಉಬ್ಬಿದ್ದರೆ ಅದರ ಗೆರೆಗಳು ಬೆಳ್ಳಿಹಾಳೆಯಲ್ಲಿ ಮೂಡಬೇಕು; ಏನೂ ಮೂಡಲಿಲ್ಲ.

"ಉಬ್ಬು ಇಲ್ರೀ ಚಾಚಾ."

"ನಿನ್ನ ಕಾಗದಾನ ಖರಾಬ್ ಇರಬೇಕು ಮೇಘಾ. ಚಾಕಲೇಟ್ ತಿಂದು ಉಳಿದದ್ದಲ್ಲ?"

ಹೊಸ ಹಾಳೆಯಿಂದ ಮತ್ತೆ ತೀಡಿದೆ. ಅದೇ ಫಲಿತಾಂಶ.

"ಮಡಿಕಿ ಬಿದ್ದಿತ್ತು ಬೇಟಾ. ತೊಳದು, ಅರಿವಿ ಕೆಳಗಿಟ್ಟು ಇಸ್ತ್ರಿ ಹೊಡದೀನಿ. ಅದಕ್ಕ ಉಬ್ಬು ಕುಂತದ."

ಇಸ್ತ್ರಿ ಉಬ್ಬನ್ನು ತಗ್ಗಿಸಬಲ್ಲದು. ಹಾಗೆಂದು ಬರೆದು ಏಳಲು ನನಗೂ ಮನಸ್ಸಿತ್ತು. ಆದರೂ ಭೂತಗನ್ನಡಿ ಹಿಡಿದೆ. ಕೊರೆದ ಗೀರು ತುದಿಗೆ ಬಂದಂತೆ ಸಣ್ಣದಾಗಬೇಕು. ಇಲ್ಲಿನ ಗೀರುಗಳು ಮೊಂಡಾಗಿದ್ದವು, ಉದ್ದಕ್ಕೂ ಒಂದೇ ದಪ್ಪ. ಇಸ್ತ್ರಿ ಹಾಗೆ ಮಾಡುವುದಿಲ್ಲ.

"ಏನಂತದ ನಿನ್ನ ದುರ್ಬೀನು?"

"ನಕಲ್ರೀ ಚಾಚಾ. ನಯ ಕಲ್ಲಿನ ಮ್ಯಾಲೆ ಗೆರಿ ಬರದು ಕಲ್ಲಚ್ಚಿನಾಗ ತೆಗೆದದ್ದು."

ಹಾಳೆ ಒಪ್ಪಿಸಲು ಹನ್ನೆರಡರ ಗಡುವು, ಇನ್ನು ಇಪ್ಪತ್ತು ನಿಮಿಷ. ಅವರು ಕುರ್ಚಿಯಲ್ಲಿ ಕುಳಿತೇ ಇದ್ದರು.

"ಎಷ್ಟು ಹುಡುಗರಿಗೆ ತೋರಿಸಿ ಅಸಲಿ ಅಂತ ಹೇಳೀನಿ."

"ನನಗೂ ಹೇಳೀರಿ."

"ನಿನಗ ಹೇಳಿದ್ದಕ್ಕ ನೋಡು, ಇವತ್ತು ಸಿಕ್ಕಿಬಿದ್ದೆ."

"ಚೀಟಿ ಕಿತ್ತಿಬಿಡಲೇನ್ರಿ?"

"ಬ್ಯಾಡ. ಕೊರೆದ ತಗಡಿನ ನಕಲು, ಕಲ್ಲಚ್ಚು ಅಂತ ಬರಿ. ನಲವತ್ತು ವರ್ಷ ಅಸಲಿ ಅಂದಿದ್ದೆ ಅಂತನೂ ಬರಿ. ಕೆಳಗ ನನ್ನ ಹೆಸರು ಹಾಕು."

ಬರೆದೆ. ಪ್ರದರ್ಶನದ ಹಾಳೆಗಳನ್ನು ತೆಗೆದುಕೊಳ್ಳುವ ಮೇಜಿನ ಹಿಂದಿದ್ದ ಮಹಿಳೆ ಓದದೆಯೇ ಹಾಳೆಗೆ ನಂಬರು ಕೊಟ್ಟಳು. ತಿರುಗಿ ಬಂದಾಗ ಚಾಚಾ ಚಪ್ಪಲಿ ಬಿಚ್ಚಿ ಗೋಡೆಗೆ ಒರಗಿದ್ದರು.

"ನಾಲ್ಕನೇದು ಅಸಲಿ ಅಲ್ಲಂದ್ರ ಪ್ರಶಸ್ತಿ ಹೋತಲ್ಲ?"

"ಹೋತ್ರಿ."

"ದೇವದುರ್ಗದ ಬಸ್ಸು ಎಷ್ಟಕ್ಕ ಅದ?"