ಖಾಲಿ ಹೊಟ್ಟೆ

ದರ್ಜಿಯ ಮನೆಯ ಹಲ್ಲುದುರಿದ ನಾಯಿಗೆ ಹೊಟ್ಟೆಯಡಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ ಎದ್ದಿತ್ತು. ಆಪರೇಷನ್ ಮಾಡಿಸೋದೋ ಬಿಡೋದೋ ಅಂತ ಗಂಡ ಹೆಂಡತಿಗೆ ವಾರವಿಡೀ ಜಟಾಪಟಿ.

"ಮುದಿ ಜೀವ ಕಣ್ರೀ, ಇದ್ದಷ್ಟು ದಿನ ತಿಂದುಕೊಂಡು ಇರಲಿ ಬಿಡಿ," ಅಂದಳು ಹೆಂಡತಿ.

"ಕತ್ತರಿ, ಸೂಜಿಯ ವಿಷಯ ನನಗೇ ಹೇಳಿಕೊಡ್ತೀಯೇನೆ? ಕೊಯ್ದು ಹೊಲಿದರೆ ಆಯ್ತು," ಎಂದು ದರ್ಜಿ ಅವಳ ಬಾಯಿ ಮುಚ್ಚಿಸಿದ. ಅವನದು ಹಿಡಿದದ್ದೇ ಹಟ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಒಂದೇ ಮಾತನ್ನು ಒತ್ತಿ ಹೇಳಿದ್ದರು: "ಆಪರೇಷನ್ ದಿನ ಬೆಳಿಗ್ಗೆ ಏನೂ ತಿನ್ನಿಸಬೇಡಿ. ಹೊಟ್ಟೆ ಖಾಲಿ ಇರದಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಉಸಿರು ಕಟ್ಟುತ್ತೆ."

ಆದರೆ ನಾಯಿಗೆ ಒಂದು ಚೂರು ಬ್ರೆಡ್ಡು ಹಾಕದೆ ದರ್ಜಿ ಯಾವತ್ತೂ ಹೊಲಿಗೆ ಯಂತ್ರ ತುಳಿದವನಲ್ಲ. ಅಂದು ಬೆಳಿಗ್ಗೆಯೂ ಅದು ಬಂದು ಅವನ ಪಾದದ ಮೇಲೆ ಗದ್ದ ಇಟ್ಟಿತು. ಒಂದು ಚೂರಿಗೇನಾಗುತ್ತೆ ಅಂತ ಹೆಂಡತಿಯ ಕಣ್ಣು ತಪ್ಪಿಸಿ, ಜೇಬಿನಲ್ಲಿದ್ದ ಬ್ರೆಡ್ಡನ್ನು ಮುರಿದು ಕೊಟ್ಟ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಗವಸು ಕಳಚುತ್ತಾ ಹೊರಗೆ ಬಂದರು. "ನಾಯಿ ಉಳಿಯಲಿಲ್ಲ. ಗೆಡ್ಡೆ ಮುಟ್ಟೋಕೂ ಆಗಲಿಲ್ಲ, ಗಂಟಲ ತುಂಬ ಬ್ರೆಡ್ಡು. ಯಾರ್ರೀ ಕೊಟ್ಟಿದ್ದು?"

ದರ್ಜಿ ಕೈಯನ್ನು ಜೇಬಿಗೆ ತೂರಿಸಿದ. ಅಷ್ಟರಲ್ಲಿ ಹೆಂಡತಿ ಗೊಳೋ ಅಂತ ಅತ್ತಳು: "ನಾನೇ ಡಾಕ್ಟ್ರೇ. ಇವರಿಗೆ ಗೊತ್ತಾಗದ ಹಾಗೆ ಒಂದು ಚೂರು ಕೊಟ್ಟುಬಿಟ್ಟೆ. ನಾನೇ ಕೊಂದೆ."

ನಿಜ ಹೇಳೋಕೆ ಅವನಿಗೆ ಅದೊಂದೇ ಗಳಿಗೆ ಇತ್ತು.

"ನಿನಗೆ ಬುದ್ಧಿಗಿದ್ಧಿ ಇದೆಯೇನೆ?" ಎಂದು ಅವನು ಆಸ್ಪತ್ರೆ ಅದುರುವ ಹಾಗೆ ಕೂಗಿದ. ಜೇಬಿನೊಳಗೆ ಅವನ ಬೆರಳುಗಳು ಉಳಿದ ಬ್ರೆಡ್ಡನ್ನು ಹಿಸುಕಿ ಪುಡಿ ಮಾಡುತ್ತಿದ್ದವು.